ಐದು ಡಾಲರಿನ ಲಕೋಟೆ, ಹದಿನಾರು ಕಟ್ಟೆ

ಮಳವಳ್ಳಿ ಸೀಮೆಯ ನೀರಿನ ಲೆಕ್ಕ ಹೊರಗಿನವರಿಗೆ ಬೇಗ ತಿಳಿಯುವಂಥದ್ದಲ್ಲ. ನಕ್ಷೆಯಲ್ಲಿ ನೋಡಿದರೆ ಕಾವೇರಿಯೂ ಇದೆ, ಶಿಂಷೆಯೂ ಇದೆ. ಶಿವನಸಮುದ್ರದಲ್ಲಿ ಧುಮುಕುವ ನೀರಿನಿಂದ 1902ರಲ್ಲೇ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1974ರಿಂದ ತೊರೆಕಾಡನಹಳ್ಳಿಯ ಪಂಪುಗಳು ಕಾವೇರಿಯನ್ನು ಬೆಂಗಳೂರಿಗೆ ಎತ್ತಿ ಕೊಡುತ್ತಿವೆ. ಇಷ್ಟೆಲ್ಲ ಆದರೂ ಪೂರಿಗಾಲಿ ಸುತ್ತಲಿನ ಎತ್ತರದ ಹೊಲಗಳು ಮುಗಿಲ ಕಡೆಗೇ ಮುಖ ಮಾಡಿಕೊಂಡಿದ್ದವು. ಆ ಹೊಲಗಳಿಗೆ ನೀರು ಹಾಯಿಸಲೆಂದು ಪೂರಿಗಾಲಿಯ ಹೆಸರಿನಲ್ಲೇ ಹನಿ ಮತ್ತು ತುಂತುರು ನೀರಾವರಿ ಯೋಜನೆಯೊಂದು ಬಂದದ್ದು ತೀರಾ ಈಚಿನ ಮಾತು. ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ಬಾಯಾರಿಕೆ ತಪ್ಪದ ಸೀಮೆ ಇದು.

ಇದೇ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಕುಂದೂರು ಬೆಟ್ಟಕ್ಕೆ ಕುರಿ ಹೊಡೆದುಕೊಂಡು ಹೋಗುವುದು, ಸಂಜೆಗೆ ಇಳಿಯುವುದು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಗುಟುಕು ನೀರಿಲ್ಲ. ತಮಗೇನೋ ಮನೆ ಇದೆ, ಊರಿದೆ. ಇಲ್ಲಿನ ಹಕ್ಕಿ, ಮೊಲ, ನರಿಗಳ ಗತಿ ಏನು ಎಂದು ಅವರಿಗೆ ಅನ್ನಿಸಿತು. ಹಾಗೆ ಎಲ್ಲರಿಗೂ ಅನ್ನಿಸುತ್ತದೆ. ಅವರು ಕೋಲು ಹಿಡಿದು ನೆಲ ಕೆದಕಲು ಕೂತರು. ಕೋಲಿನಿಂದ ಆಗುವ ಕೆಲಸವಲ್ಲ ಎಂದು ಗೊತ್ತಾದ ಮೇಲೆ ಒಂದಷ್ಟು ಕುರಿ ಮಾರಿ ಗುದ್ದಲಿ, ಪಿಕಾಸಿ ತಂದರು. ಬಂಡೂರು ಕುರಿಯ ತವರೂರಿರುವ ತಾಲ್ಲೂಕಿದು. ಮನೆಯಲ್ಲಿ ಮದುವೆ ಬಂದರೆ, ಆಸ್ಪತ್ರೆಗೆ ಹೋಗಬೇಕಾದರೆ, ಮಕ್ಕಳ ಫೀಸು ಕಟ್ಟಬೇಕಾದರೆ ಇಲ್ಲಿ ಸಂತೆಗೆ ನಡೆಯುವುದು ಕುರಿಯೇ. ಅಂಥ ಕುರಿಯನ್ನು ಮಾರಿ, ಯಾರ ಹೊಲಕ್ಕೂ ಸೇರದ ಬೆಟ್ಟದಲ್ಲಿ, ಯಾರೂ ಕೇಳದ ಗುಂಡಿ ತೆಗೆಯುತ್ತಾನೆಂದರೆ ಊರವರು ಏನನ್ನುತ್ತಾರೆ? ತಲೆ ಕೆಟ್ಟಿದೆ ಎಂದರು.

ನಾಲ್ಕು ದಶಕ ಕಳೆಯುವ ಹೊತ್ತಿಗೆ ಬೆಟ್ಟದಲ್ಲಿ 16 ಕಟ್ಟೆಗಳಾಗಿದ್ದವು. ಸುತ್ತ ಆಲದ ಗಿಡಗಳನ್ನೂ ಬೆಳೆಸಿದರು. ಪ್ರಶಸ್ತಿಯಿಂದ ಬಂದ ದುಡ್ಡೂ ಮಣ್ಣು ತೆಗೆಯುವುದಕ್ಕೇ ಹೋಯಿತು. 2020ರ ಜೂನ್ 28ರಂದು ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಅವರ ಹೆಸರು ಹೇಳಿದಾಗ ದೇಶವೆಲ್ಲ ಮಳವಳ್ಳಿ ಎಲ್ಲಿದೆ ಎಂದು ಹುಡುಕಿತು. ಅದರ ಬೆನ್ನಿಗೇ ಕೆಎಸ್‌ಆರ್‌ಟಿಸಿ ಅವರಿಗೆ ಜೀವನಪೂರ್ತಿ ಉಚಿತ ಪ್ರಯಾಣದ ಪಾಸು ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಈ ಕತೆಯನ್ನು ಪತ್ರಿಕೆಗಳು ‘ಆಧುನಿಕ ಭಗೀರಥ’ ಎಂಬ ತಲೆಬರಹ ಕೊಟ್ಟು ಮುಗಿಸಿಬಿಟ್ಟವು. ಭಗೀರಥನ ಬಿರುದಿನಲ್ಲಿ ಒಂದು ತೊಡಕಿದೆ. ಅವನದು ತಪಸ್ಸು, ಅಲ್ಲಿ ಇರುವುದು ಕಷ್ಟ, ಪ್ರತಿಜ್ಞೆ, ಕೊನೆಯಲ್ಲಿ ಫಲ. ಒಬ್ಬ ಮನುಷ್ಯ ನಲವತ್ತು ವರ್ಷ ದಿನಬೆಳಗಾದರೆ ಬೆಟ್ಟ ಹತ್ತಿ ಅದೇ ಕೆಲಸ ಮಾಡಬೇಕೆಂದರೆ ಬರೀ ಛಲ ಸಾಲದು. ಅದರಲ್ಲಿ ಅವನಿಗೂ ಏನೋ ಸಿಗುತ್ತಿರಬೇಕು. ಆ ‘ಏನೋ’ ಯಾವುದು ಎಂದು ಹುಡುಕಿಕೊಂಡು, ಮಳವಳ್ಳಿಯ ಹೆಸರೂ ಕೇಳದ ಕೆಲವರು, ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ, ದೂರದ ಊರುಗಳಲ್ಲಿ ಕೂತಿದ್ದರು. ಅವರು ಅದನ್ನು ಕಂಡುಕೊಂಡ ಬಗೆ ಕೇಳುವಂತಿದೆ.

ಹುಡುಕಾಟ ಶುರುವಾದದ್ದು ಮನಶ್ಶಾಸ್ತ್ರದಲ್ಲಲ್ಲ, ಲೆಕ್ಕದ ಜನರಾದ ಅರ್ಥಶಾಸ್ತ್ರಜ್ಞರಲ್ಲಿ. ಅವರಿಗೆ ದಾನ ಎನ್ನುವುದು ಒಂದು ತಲೆನೋವು. ಬಡವರಿಗೆ ಅನ್ನ ಸಿಗಲಿ ಎಂಬುದಷ್ಟೇ ನನ್ನ ಆಸೆಯಾದರೆ, ಸರ್ಕಾರವೇ ಅನ್ನ ಹಾಕಲು ಶುರುಮಾಡಿದ ದಿನ ನಾನು ಅಷ್ಟರಮಟ್ಟಿಗೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಸರ್ಕಾರದ ಒಂದು ರೂಪಾಯಿಗೆ ನನ್ನ ಒಂದು ರೂಪಾಯಿ ಉಳಿಯಬೇಕು. ಹಾಗಾಗುವುದಿಲ್ಲ, ಜನ ಕೊಡುತ್ತಲೇ ಇರುತ್ತಾರೆ. ಅಮೆರಿಕದ ಜೇಮ್ಸ್ ಆಂಡ್ರಿಯೋನಿ 1989ರಲ್ಲಿ ಮತ್ತು 1990ರಲ್ಲಿ ಬರೆದ ಎರಡು ಪ್ರಬಂಧಗಳಲ್ಲಿ ಈ ಗಂಟನ್ನು ಬಿಚ್ಚಲು ನೋಡಿದರು. ಕೊಡುವವನಿಗೆ ಇನ್ನೊಬ್ಬರ ಹಸಿವು ನೀಗುವುದಷ್ಟೇ ಅಲ್ಲ, ತಾನು ಕೊಟ್ಟೆ ಎಂಬುದೂ ಬೇಕು. ಕೊಟ್ಟಾಗ ಎದೆಯೊಳಗೆ ಹುಟ್ಟುವ ಬೆಚ್ಚನೆಯ ಖುಷಿಯೂ ಅವನ ಸಂಪಾದನೆಯೇ ಎಂದರು. ಇಂಥದ್ದಕ್ಕೆ ಅವರಿಟ್ಟ ಹೆಸರಿನ ತಾತ್ಪರ್ಯ, ಅಪ್ಪಟವಲ್ಲದ ಪರೋಪಕಾರ.

ಅಪ್ಪಟವಲ್ಲದ್ದು ಎಂದರೆ ನಮ್ಮಲ್ಲಿ ಮುಖ ಸಿಂಡರಿಸುವವರಿದ್ದಾರೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಕೊಟ್ಟು ಸಂತೋಷಪಟ್ಟರೆ ಪುಣ್ಯ ಕಡಿಮೆಯಾಯಿತು ಎಂಬ ಲೆಕ್ಕ ಅವರದು. ಬೆಟ್ಟದ ಕಟ್ಟೆಯಲ್ಲಿ ಕಾಮೇಗೌಡರ ಕುರಿಗಳೂ ನೀರು ಕುಡಿದಿರುತ್ತವೆ. ಅಷ್ಟರಿಂದ ನವಿಲು ಕುಡಿದ ನೀರು ಕಡಿಮೆಯಾಯಿತೇ? ಆಂಡ್ರಿಯೋನಿಯ ಮಾತು ನನಗೆ ಹಿಡಿಸುವುದು ಇಲ್ಲಿ. ಸ್ವಾರ್ಥವನ್ನೂ ಪರಾರ್ಥವನ್ನೂ ಬೇರೆ ಬೇರೆ ಮೂಟೆ ಕಟ್ಟದೆ, ಎರಡೂ ಒಂದೇ ಕೈಯಿಂದ ಹುಟ್ಟಬಹುದೆಂದು ಅವರು ಒಪ್ಪಿಕೊಂಡರು.

ಆದರೆ ಅದು ಕಾಗದದ ಮೇಲಿನ ಸಿದ್ಧಾಂತ. ಆ ಬೆಚ್ಚನೆಯ ಖುಷಿ ನಿಜಕ್ಕೂ ಇದೆಯೋ, ಸಮೀಕರಣ ಸರಿದೂಗಿಸಲು ಸೇರಿಸಿಕೊಂಡದ್ದೋ ಎಂಬುದಕ್ಕೆ ಗುರುತು ಬೇಕಿತ್ತು. 2006ರಲ್ಲಿ ಜೋರ್ಜ್ ಮೋಲ್, ಜೋರ್ಡನ್ ಗ್ರಾಫ್‌ಮನ್ ಮತ್ತು ಸಂಗಡಿಗರು 19 ಮಂದಿಯನ್ನು ಮಿದುಳಿನ ಸ್ಕ್ಯಾನರಿನೊಳಗೆ ಮಲಗಿಸಿ, ದುಡ್ಡು ಇಟ್ಟುಕೊಳ್ಳುತ್ತೀರೋ, ಸೇವಾಸಂಸ್ಥೆಗೆ ಕೊಡುತ್ತೀರೋ ಎಂದು ಕೇಳುತ್ತ ಹೋದರು. ತಮಗೆ ದುಡ್ಡು ಬಂದಾಗ ಮಿದುಳಿನ ಯಾವ ಭಾಗ ಚುರುಕಾಗುತ್ತಿತ್ತೋ, ಕೊಟ್ಟಾಗಲೂ ಅದೇ ಭಾಗ ಚುರುಕಾಯಿತು. ಮರುವರ್ಷ ಆರೆಗಾನಿನ ವಿಲಿಯಂ ಹಾರ್ಬಾ ತಂಡ ಇನ್ನೊಂದು ತಿರುವು ಕೊಟ್ಟಿತು. 19 ಹೆಂಗಸರಿಗೆ ತಲಾ 100 ಡಾಲರ್ ಕೊಟ್ಟು, ಅದರಲ್ಲಿ ಒಂದಷ್ಟನ್ನು ಕೆಲವು ಸಲ ತೆರಿಗೆಯಂತೆ ಕೇಳದೆಯೇ ಕಿತ್ತು ಅನ್ನದಾನದ ಸಂಸ್ಥೆಗೆ ಹಾಕಿದರು; ಕೆಲವು ಸಲ ಕೊಡುವ ತೀರ್ಮಾನವನ್ನು ಅವರಿಗೇ ಬಿಟ್ಟರು. ಕಿತ್ತುಕೊಂಡಾಗಲೂ ಸ್ವಲ್ಪ ಖುಷಿಯ ಗುರುತು ಕಂಡಿತು! ತಾವಾಗಿ ಕೊಟ್ಟಾಗ ಅದು ಹೆಚ್ಚು.

ಇನ್ನು ಲಕೋಟೆಯ ವಿಷಯ. ಕೆನಡಾದ ವ್ಯಾಂಕೂವರಿನಲ್ಲಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಎಲಿಜಬೆತ್ ಡನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ವಿದ್ಯಾರ್ಥಿನಿ ಲಾರಾ ಆಕ್ನಿನ್ ಬೆಳಿಗ್ಗೆ ಸಿಕ್ಕ ಹುಡುಗ ಹುಡುಗಿಯರ ಕೈಗೆ ಒಂದೊಂದು ಲಕೋಟೆ ಕೊಟ್ಟರು, 46 ಮಂದಿಗೆ. ಕೆಲವರ ಲಕೋಟೆಯಲ್ಲಿ 5 ಡಾಲರ್, ಕೆಲವರದ್ದರಲ್ಲಿ 20. ಜೊತೆಗೊಂದು ಸೂಚನೆ: ಸಂಜೆ ಐದರೊಳಗೆ ಇದನ್ನು ನಿಮಗಾಗಿ ಖರ್ಚು ಮಾಡಿ ಎಂದು ಕೆಲವರಿಗೆ, ಬೇರೆಯವರಿಗಾಗಿ ಖರ್ಚು ಮಾಡಿ ಎಂದು ಉಳಿದವರಿಗೆ. ರಾತ್ರಿ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸಿದರು. ಬೇರೆಯವರಿಗೆ ಖರ್ಚು ಮಾಡಿದವರು ಹೆಚ್ಚು ಖುಷಿಯಾಗಿದ್ದರು. ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವೇ ಆಗಲಿಲ್ಲ.

ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಬೇರೆ ವಿದ್ಯಾರ್ಥಿಗಳನ್ನು ಕರೆದು, ಈ ನಾಲ್ಕು ಬಗೆಯಲ್ಲಿ ಯಾವುದು ಹೆಚ್ಚು ಖುಷಿ ಕೊಡುತ್ತದೆ ಹೇಳಿ ಎಂದರೆ, 20 ಡಾಲರನ್ನು ನಮಗೇ ಖರ್ಚು ಮಾಡಿಕೊಂಡರೆ ಎಂದು ಹೆಚ್ಚಿನವರು ಹೇಳಿದರು. ಎರಡು ಕಡೆಯೂ ತಪ್ಪು: ಮೊತ್ತದಲ್ಲೂ, ಯಾರಿಗೆ ಎಂಬುದರಲ್ಲೂ. ದಾಸನದೊಡ್ಡಿಯ ಜನ ತಲೆ ಕೆಟ್ಟಿದೆ ಎಂದದ್ದರಲ್ಲಿ ಕೆಟ್ಟತನ ಹುಡುಕಬೇಕಾಗಿಲ್ಲ ಎನ್ನಿಸುವುದು ಇದನ್ನು ಓದಿದಾಗ. ಕೊಡುವ ಮುಂಚೆ ನಿಂತು ಲೆಕ್ಕ ಹಾಕಿದರೆ ಯಾರ ಲೆಕ್ಕವೂ ಹಾಗೆಯೇ ಬರುತ್ತದೆ. ಕೊಟ್ಟ ಮೇಲೆ ಲೆಕ್ಕ ಬದಲಾಗುತ್ತದೆ. ಆದರೆ ಬದಲಾದದ್ದು ಕೊಟ್ಟವನಿಗಷ್ಟೇ ಗೊತ್ತು.

ಮೈಕೇಲ್ ನಾರ್ಟನ್ ಕೂಡ ಸೇರಿ ಮೂವರೂ ಬರೆದ ಆ ಪ್ರಬಂಧ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆಮೇಲೆ ಎರಡು ವರ್ಷ ತುಂಬದ ಮಕ್ಕಳ ಸರದಿ. ಮಗುವಿನ ಮುಂದೆ ತಿಂಡಿಯ ಬಟ್ಟಲಿಟ್ಟು, ಒಂದು ಗೊಂಬೆಗೂ ಕೊಡು ಎಂದರು. ಮಗುವಿನ ಮುಖವನ್ನು ವಿಡಿಯೊದಲ್ಲಿ ನೋಡಿ ಅಳೆದರೆ, ತಿಂಡಿ ಪಡೆದಾಗಿನದಕ್ಕಿಂತ ಕೊಟ್ಟಾಗ ನಗು ಹೆಚ್ಚು. ತನ್ನ ಪಾಲಿನದನ್ನೇ ಕೊಟ್ಟಾಗ ಇನ್ನೂ ಹೆಚ್ಚು. 2013ರಲ್ಲಿ 136 ದೇಶಗಳ ಸಮೀಕ್ಷೆಯ ಅಂಕಿಗಳನ್ನು ಕೂಡಿಸಿ ನೋಡಿದರೆ, ಬಡ ದೇಶ ಶ್ರೀಮಂತ ದೇಶ ಎನ್ನದೆ ಬಹುಪಾಲು ಕಡೆ ಕೊಡುವವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ಆ ಅಧ್ಯಯನದಲ್ಲಿ ಭಾರತದವರ ಮೇಲೆಯೂ ಪ್ರಯೋಗ ನಡೆದಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಪ್ರವಚನಕ್ಕೆ ಆಗುವ ವಸ್ತು. ವಿಜ್ಞಾನ ಇಲ್ಲಿಗೆ ನಿಲ್ಲಲಿಲ್ಲ, ಪುಣ್ಯಕ್ಕೆ. ಮನಶ್ಶಾಸ್ತ್ರದ ಹಲವು ಹೆಸರುವಾಸಿ ಪ್ರಯೋಗಗಳು ಎರಡನೇ ಸಲ ಮಾಡಿದಾಗ ಕೈಕೊಡತೊಡಗಿದ್ದ ಕಾಲ ಅದು. 46 ಮಂದಿಯ ಮೇಲೆ ಮಾಡಿದ್ದು ನೂರಾರು ಜನರ ಮೇಲೆ ನಿಂತೀತೇ? ಆಕ್ನಿನ್, ಡನ್ ತಂಡ ಏನೇನು ಅಳೆಯುತ್ತೇವೆ ಎಂಬುದನ್ನು ಮೊದಲೇ ಬರೆದಿಟ್ಟು, ತಮ್ಮದೇ ಶೋಧವನ್ನು ತಾವೇ ಮತ್ತೆ ಒರೆಗೆ ಹಚ್ಚಿತು. 2020ರಲ್ಲಿ ಫಲಿತಾಂಶ ಬಂತು. ನಿಜವಾದ ದುಡ್ಡಿನಲ್ಲಿ ಕಾಯಿಲೆಯ ಮಗುವಿಗೆ ಏನನ್ನೋ ಕೊಂಡುಕೊಟ್ಟ ಪ್ರಯೋಗದಲ್ಲಿ, 712 ವಿದ್ಯಾರ್ಥಿಗಳ ಮೇಲೆ, ಖುಷಿ ನಿಂತಿತು. ಹಿಂದೆ ಯಾವಾಗಲೋ ಕೊಟ್ಟದ್ದನ್ನು ನೆನಪಿಸಿಕೊಳ್ಳಿ ಎಂದ ಪ್ರಯೋಗಗಳಲ್ಲಿ ಮಾತ್ರ ಅದು ತೆಳುವಾಯಿತು. ಒಂದು ಸುತ್ತಿನಲ್ಲಿ ಸ್ಪಷ್ಟವಾಗಿ ಕಾಣಲೇ ಇಲ್ಲ, ಐದು ಸಾವಿರಕ್ಕೂ ಹೆಚ್ಚು ಜನರ ಮತ್ತೊಂದು ಸುತ್ತಿನಲ್ಲಿ ಸಣ್ಣ ವ್ಯತ್ಯಾಸ ಉಳಿಯಿತು. ಕೊಡುವ ಹೊತ್ತಿನಲ್ಲಿ ಇರುವಷ್ಟು ಬಿಸಿ ಅದರ ನೆನಪಿನಲ್ಲಿ ಇರುವುದಿಲ್ಲ. ಹಿಂದೆ ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸಿದವರು ಮತ್ತೆ ಮತ್ತೆ ಅದನ್ನು ನೋಡಲು ಹೋಗುವುದು ಏಕೆಂದು ಇದರಿಂದ ತಿಳಿಯಬಹುದೇನೋ.

ಎಲ್ಲ ಕೊಡುಗೆಯೂ ಖುಷಿ ಕೊಡುವುದಿಲ್ಲ ಎಂಬುದು ಸ್ವತಃ ಡನ್ ಅವರಿಗೂ ತಟ್ಟಿತು. 2019ರ ಟೆಡ್ ಭಾಷಣದಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು: ಕೊಟ್ಟರೆ ಸಂತೋಷ ಎಂದು ಊರಿಗೆಲ್ಲ ಸಾರಿದ ತಾನು ಸೇವಾಸಂಸ್ಥೆಗಳಿಗೆ ಚೆಕ್ ಬರೆದಾಗ ತನಗೇನೂ ಆಗುತ್ತಿರಲಿಲ್ಲ. ಆಮೇಲೆ ಸ್ನೇಹಿತರೆಲ್ಲ ಸೇರಿ ಸಿರಿಯಾದಿಂದ ಬಂದ ಒಂದು ನಿರಾಶ್ರಿತ ಕುಟುಂಬದ ಹೊಣೆ ಹೊತ್ತರು. ಮನೆ ಹೊಂದಿಸಿದರು, ವಿಮಾನ ನಿಲ್ದಾಣಕ್ಕೇ ಹೋಗಿ ಕರೆತಂದರು. ಅಲ್ಲಿ ಅವರಿಗೆ ತಮ್ಮ ಪ್ರಯೋಗಾಲಯದ ಫಲಿತಾಂಶ ಮೈಮೇಲೆ ಬಂತು.

ಚೆಕ್ಕಿಗೂ ಕುಟುಂಬಕ್ಕೂ ನಡುವಿನ ವ್ಯತ್ಯಾಸವನ್ನು ಅವರ ತಂಡ ಅಷ್ಟರಲ್ಲಾಗಲೇ ಅಳೆದಿತ್ತು. ಎರಡು ಕಡೆ ದಾನ ಮಾಡಿಸಿ ನೋಡಿದ್ದರು. ಒಂದು, ಮಕ್ಕಳಿಗಾಗಿ ನೂರು ಬಗೆಯ ಕೆಲಸ ಮಾಡುವ ಯುನಿಸೆಫ್. ಇನ್ನೊಂದು, ಮಲೇರಿಯಾ ಸೊಳ್ಳೆಯಿಂದ ಕಾಯುವ ಪರದೆಯನ್ನಷ್ಟೇ ಕೊಡುವ ಯೋಜನೆ. ಇಂತಿಷ್ಟು ದುಡ್ಡಿಗೆ ಒಂದು ಪರದೆ. ಪರದೆ ಕೊಟ್ಟವರಲ್ಲಿ, ಕೊಟ್ಟಷ್ಟೂ ಖುಷಿ ಏರಿತು. ಯುನಿಸೆಫ್‌ಗೆ ಕೊಟ್ಟವರಲ್ಲಿ ಹಾಗೆ ಏರಲಿಲ್ಲ. ಯುನಿಸೆಫ್ ಕೆಟ್ಟದ್ದೆಂದು ಅರ್ಥವಲ್ಲ. ಕೊಟ್ಟದ್ದು ಎಲ್ಲಿಗೆ ಹೋಗಿ ಏನಾಯಿತು ಎಂದು ಮನಸ್ಸು ಕಣ್ಣಾರೆ ಕಾಣಲು ಬಯಸುತ್ತದೆ. ಮತ್ತೊಂದು ಪ್ರಯೋಗದಲ್ಲಿ ಕಾಫಿ ಅಂಗಡಿಯ 10 ಡಾಲರಿನ ಕಾರ್ಡು. ಸ್ನೇಹಿತರಿಗೆ ಕಾರ್ಡನ್ನಷ್ಟೇ ಕೊಟ್ಟು ಬಂದವರಿಗಿಂತ, ಜೊತೆಗೆ ಹೋಗಿ ಕೂತು ಕುಡಿಸಿದವರಿಗೆ ಹೆಚ್ಚು ಸಂತೋಷ. ಇದನ್ನು ಓದಿ ನಮ್ಮ ಕಡೆಯವರು ನಗಬಹುದು. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಒಕ್ಕಲಿನವರು ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಗೆ ಹೋಗಿ ಅಡುಗೆ ಮಾಡಿ ಬಡಿಸಿ, ಜಾತಿ ಕೇಳದೆ ಸಾಲಿನಲ್ಲಿ ಜೊತೆಗೆ ಕೂತು ಉಣ್ಣುವುದು ಇವತ್ತು ನೆನ್ನೆಯದಲ್ಲ. ಸೀದಾ ಪಡಿ ಅಳೆದು ಕಳಿಸಿದ್ದರೆ ಹೊಟ್ಟೆ ತುಂಬುತ್ತಿತ್ತು, ಜಾತ್ರೆ ಆಗುತ್ತಿರಲಿಲ್ಲ.

ಕೊಟ್ಟದ್ದು ಕಾಣಬೇಕು, ಜೊತೆಗಿರಬೇಕು ಎಂಬ ಎರಡು ಷರತ್ತುಗಳಾದ ಮೇಲೆ ಮೂರನೆಯದು, ಮನಸ್ಸಿನ ಒಪ್ಪಿಗೆ. ನೆಟ್ಟಾ ವೈನ್‌ಸ್ಟೈನ್ ಮತ್ತು ರಿಚರ್ಡ್ ರಯಾನ್ 2010ರಲ್ಲಿ ತೋರಿಸಿದ್ದು: ತಾನಾಗಿ ಮಾಡಿದ ಸಹಾಯ ಮಾಡಿದವನಿಗೂ ಪಡೆದವನಿಗೂ ಒಳ್ಳೆಯದು ಮಾಡುತ್ತದೆ, ಬಲವಂತದ ಸಹಾಯಕ್ಕೆ ಆ ಗುಣವಿಲ್ಲ. ಕನ್ನಡದಲ್ಲಿ ಇದಕ್ಕೆ ಎದುರುಕತೆಯೊಂದು ಬಹಳ ಹಿಂದೆಯೇ ಹುಟ್ಟಿದೆ. ‘ಕೆರೆಗೆ ಹಾರ’ ಎಂಬ ಜನಪದ ಹಾಡಿನ ಭಾಗೀರತಿ ಕೆರೆಗೆ ಬಲಿಯಾಗಿ ಊರಿಗೆ ನೀರು ಕೊಟ್ಟಳು, ತೀರ್ಮಾನ ಮಾತ್ರ ಮಾವನ ಮನೆಯವರದು. ಅವಳದು ತ್ಯಾಗ ಎಂದು ಕೊಂಡಾಡುವಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ಕೆರೆ ತುಂಬಿತು ನಿಜ, ಕೊಟ್ಟವರು ಯಾರು? ಮಳವಳ್ಳಿಯಿಂದ ಬೆಂಗಳೂರಿಗೆ ಹೋಗುವ ನೀರಿನ ವಿಷಯದಲ್ಲೂ ಉದಾರ ಸೀಮೆ, ದೊಡ್ಡ ಮನಸ್ಸು ಎಂಬ ಮಾತುಗಳನ್ನು ವೇದಿಕೆಗಳಲ್ಲಿ ಆಡುತ್ತಾರೆ. ಕೇಳದೆ ಒಯ್ದದ್ದಕ್ಕೆ, ಎಲ್ಲಿ ಸೇರಿತೆಂದು ಕಾಣದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ. ಹಾರ್ಬಾ ಪ್ರಯೋಗದ ಹೆಂಗಸರಿಗೆ ತಮ್ಮ ದುಡ್ಡು ಅನ್ನದಾನಕ್ಕೆ ಹೋಯಿತೆಂದಾದರೂ ಗೊತ್ತಿತ್ತು.

ಈ ಎಲ್ಲ ಷರತ್ತುಗಳನ್ನು ಕುಂದೂರು ಬೆಟ್ಟದ ಮೇಲೆ ಇಟ್ಟು ನೋಡಿ. ಹೇಳಿದವರಿಲ್ಲ, ಬೇಡವೆಂದವರೇ ಹೆಚ್ಚು. ಒಪ್ಪಿಗೆ ಪೂರ್ತಿ ತನ್ನದು. ಫಲ ಕಾಣಲು ವರದಿ ಬೇಕಿಲ್ಲ, ನಾಳೆಯೂ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಬರಲೇಬೇಕು. ಬೆಟ್ಟದಲ್ಲಿ ಕಟ್ಟೆ ಎಂದರೆ ಗುಂಡಿ ತೋಡಿದರೆ ಮುಗಿಯುವ ಕೆಲಸವಲ್ಲ. ಮಳೆ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮಣ್ಣು ಇಂಗಿಸಿಕೊಳ್ಳುತ್ತದೆ, ಯಾವ ಬಂಡೆ ತಡೆಯುತ್ತದೆ ಎಂಬುದನ್ನು ನೋಡಬೇಕು. ಒಂದು ಮಗ್ಗುಲನ್ನು ಇಳಿಜಾರಾಗಿ ಬಿಡದಿದ್ದರೆ ಮರಿಗಳು ಬಿದ್ದು ಸಾಯುತ್ತವೆ. ಒಂದು ಮಳೆಗಾಲ ಕಳೆದರೆ ಹೂಳು ತುಂಬುತ್ತದೆ, ಮತ್ತೆ ಮಂಕರಿ ಹೊರಬೇಕು. ಇಷ್ಟೆಲ್ಲ ಮಾಡಿಸಿಕೊಳ್ಳುವ ಕೆಲಸ ಮಾಡುವವನಿಗೆ ದಿನವೂ ಸುದ್ದಿ ಹೇಳುತ್ತದೆ: ಅಂಚಿನ ಕೆಸರಲ್ಲಿ ಯಾವ ಪ್ರಾಣಿಯ ಹೆಜ್ಜೆ ಹೊಸದು, ನೀರು ಎಷ್ಟು ಬೆರಳು ಇಳಿಯಿತು ಎಂದು. ಒಂದೇ ಒಂದು ಕಡೆ ಬೆಟ್ಟವು ಪ್ರಯೋಗಾಲಯದ ಮಾತು ಕೇಳುವುದಿಲ್ಲ. ಪಡೆದವರೊಂದಿಗೆ ಕೂತು ಕಾಫಿ ಕುಡಿಯುವಂತಿಲ್ಲ. ಮನುಷ್ಯನ ನೆರಳು ಕಂಡರೆ ಮೊಲ ಓಡುತ್ತದೆ. ಥ್ಯಾಂಕ್ಸ್ ಹೇಳುವವರು ಯಾರೂ ಇಲ್ಲದ ಕೊಡುಗೆ ಅದು.

ಹಾಗಿದ್ದರೆ ಅಲ್ಲಿ ಸಿಗುತ್ತಿದ್ದುದು ಬರೀ ಖುಷಿಯಲ್ಲ ಎಂದು ನನ್ನ ಊಹೆ. ಇದಕ್ಕೆ ಒತ್ತಾಸೆಯಾಗಿ 2013ರ ಮತ್ತೊಂದು ಅಧ್ಯಯನವಿದೆ. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಸುಮಾರು 400 ಜನರನ್ನು ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿದರು: ನಿಮ್ಮ ಬದುಕು ಸುಖವಾಗಿದೆಯೇ? ನಿಮ್ಮ ಬದುಕಿಗೆ ಅರ್ಥವಿದೆಯೇ? ಉತ್ತರಗಳು ಬಹಳಷ್ಟು ಕಡೆ ಜೊತೆಗೇ ಹೋದವು, ಕೆಲವು ಕಡೆ ಕವಲೊಡೆದವು. ಕೊಡುವ ಸ್ವಭಾವ ಅರ್ಥದ ಕಡೆಗೆ ವಾಲಿತು. ಪಡೆಯುವ ಸ್ವಭಾವ ಸುಖದ ಕಡೆಗೆ. ಅರ್ಥ ಹೆಚ್ಚಿದ್ದವರಲ್ಲಿ ಚಿಂತೆ, ಒತ್ತಡವೂ ಹೆಚ್ಚಿದ್ದವು. ಡನ್ ಅವರ ರಾತ್ರಿಯ ಫೋನಿಗೆ ಇದು ಸಿಕ್ಕುವುದಿಲ್ಲ. ಬಿಸಿಲಲ್ಲಿ ಪಿಕಾಸಿ ಬೀಸುವವನನ್ನು ಈಗ ಖುಷಿಯಾಗಿದ್ದೀರಾ ಎಂದು ಕೇಳಿದರೆ ಅವನು ಬೆವರು ಒರೆಸಿಕೊಂಡು ನಿಮ್ಮ ಮುಖ ನೋಡಿಯಾನು. ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅವನಲ್ಲಿ ಉತ್ತರವಿರುತ್ತದೆ. ಕಾಮೇಗೌಡರಂತೆ ಎಂಬತ್ತು ದಾಟಿದವರಲ್ಲಿ ಎಷ್ಟು ಮಂದಿಗೆ ಆ ಉತ್ತರ ಇದೆ?

ಉಳಿದದ್ದು ನಲವತ್ತು ವರ್ಷದ ಪ್ರಶ್ನೆ. ಮನಸ್ಸು ಯಾವ ಸುಖಕ್ಕೂ ಬೇಗ ಒಗ್ಗಿಹೋಗುತ್ತದೆ. ಹೊಸ ಫೋನು ತಿಂಗಳಿಗೆ ಹಳತು, ಸಂಬಳದ ಏರಿಕೆ ವರ್ಷಕ್ಕೆ ಮಾಮೂಲು. ಕೊಡುವ ಸುಖವೂ ಹಾಗೆಯೇ ಸವೆಯಬೇಕಲ್ಲ? ಎಡ್ ಒಬ್ರಾಯನ್ ಮತ್ತು ಸಮಂತಾ ಕ್ಯಾಸಿರರ್ 2019ರಲ್ಲಿ ಇದನ್ನೇ ಪರೀಕ್ಷಿಸಿದರು. 96 ಮಂದಿಗೆ ಐದು ದಿನ, ದಿನಕ್ಕೆ 5 ಡಾಲರ್. ಐದೂ ದಿನ ಅದನ್ನು ಒಂದೇ ಬಾಬ್ತಿಗೆ ಖರ್ಚು ಮಾಡಬೇಕು. ತಮಗಾದರೆ ತಮಗೇ, ಬೇರೆಯವರಿಗಾದರೆ ಬೇರೆಯವರಿಗೇ. ದಿನದ ಕೊನೆಗೆ ಖುಷಿ ಎಷ್ಟೆಂದು ಬರೆಯಬೇಕು. ತಮಗೆ ಖರ್ಚು ಮಾಡಿಕೊಂಡವರ ಖುಷಿ ದಿನದಿಂದ ದಿನಕ್ಕೆ ಇಳಿಯಿತು. ಕೊಟ್ಟವರದು ಇಳಿಯಲಿಲ್ಲ, ಐದನೆಯ ದಿನವೂ ಹೆಚ್ಚುಕಡಿಮೆ ಮೊದಲ ದಿನದಷ್ಟೇ ಇತ್ತು.

ಐದು ದಿನಕ್ಕಿಂತ ಆಚೆ ಏನಾಗುತ್ತದೆಂದು ಆ ಪ್ರಯೋಗ ಹೇಳಲಾರದು. ನಲವತ್ತು ವರ್ಷ ಒಬ್ಬನನ್ನೇ ಹಿಂಬಾಲಿಸಲು ಯಾವ ವಿಶ್ವವಿದ್ಯಾಲಯವೂ ಅನುದಾನ ಕೊಡುವುದಿಲ್ಲ. ಆದರೆ ಹದಿನೈದು ಕಟ್ಟೆ ತೆಗೆದವನು ಹದಿನಾರನೆಯದಕ್ಕೆ ಮತ್ತೆ ಗುದ್ದಲಿ ಹಾಕಿದ್ದಾನೆ, ಅದೂ ಮಳವಳ್ಳಿ ತಾಲ್ಲೂಕಿನಲ್ಲಿ. ಒಬ್ರಾಯನ್ ಅವರ ಐದು ದಿನದ ಪಟ್ಟಿಯ ಕೆಳಗೆ ಆ ಅಂಕಿಯನ್ನೂ ಬರೆದುಕೊಳ್ಳಬಹುದು.